ಬೋನಸ್ಸಿನ ಕಡಿತ ಹಂಚಿದ ಬಾಯಾರು

ಅವರ ತುರುಬಿನಲ್ಲಿ ಸದಾ ಒಂದು ಪೆನ್ಸಿಲು ಸಿಕ್ಕಿಸಿರುತ್ತಿತ್ತು. ಒಂದು ತುದಿ ಕೆಂಪು, ಇನ್ನೊಂದು ನೀಲಿ. ಅದನ್ನು ಹಿರಿದರೆ ತುರುಬು ಸಡಿಲಾಗಿ ಕಿವಿಯ ಮೇಲೆ ಜಾರುವುದು. ಎಡಗೈಯಲ್ಲಿ ಕೂದಲು ಹಿಡಿದುಕೊಂಡೇ ಬಲಗೈಯಲ್ಲಿ ನಮ್ಮ ಪಗಾರದ ಲೆಕ್ಕ ಮುಗಿಸುತ್ತಿದ್ದರು. ಬೆಳಗಾವಿಯ ನಮ್ಮ ಫೌಂಡ್ರಿಯಲ್ಲಿ ಅವರು ಪಗಾರದ ಕಾರಕೂನರು, ಎಲ್ಲರಿಗೂ ಬಾಯಾರು. ದಿನಾ ಖಾನಾಪುರದಿಂದ ರೈಲಿನಲ್ಲಿ ಬರುವರು. ಅಚ್ಚು ಹಾಕುವವರೊಡನೆ ಮರಾಠಿ, ನನ್ನೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ.

ದೀಪಾವಳಿ ಸಮೀಪಿಸಿದರೆ ಮೇಜಿನಿಂದ ಮೇಜಿಗೆ ತಿರುಗುತ್ತಿದ್ದರು. “ವಿಮಾ ಕಂತು ತುಂಬೀಯೇನು ತಮ್ಮಾ? ಪಾವತಿ ಚೀಟಿ ಇವತ್ತs ತೋರ್ಸು. ತೆರಿಗಿ ಹಿಡದ ಮ್ಯಾಲೆ ಮಾರ್ಚಿನ್ಯಾಗ ತಂದು ಅಳಬ್ಯಾಡ.”

ಕಳೆದ ದೀಪಾವಳಿಗೆ ಮೊದಲ ಸಲ ನನ್ನ ಪಗಾರ ತೆರಿಗೆಯ ಮಿತಿ ದಾಟಿತ್ತು. ಅದೇ ತಿಂಗಳು, ಅಪ್ಪ ನನ್ನ ಹೆಸರಿನಲ್ಲಿ ಬುಕ್ ಮಾಡಿದ್ದ ಸ್ಕೂಟರಿನ ಸರದಿ ವರ್ಷಗಟ್ಟಲೆ ಕಾದ ಮೇಲೆ ಬಂದಿತ್ತು. ಹೇಳಿದ ದಿನದೊಳಗೆ ಹಣ ಕಟ್ಟದಿದ್ದರೆ ಸರದಿ ಹೋಗುತ್ತದೆ. ಪೋಲಿಯೊ ಕಾಲಿನ ತಂಗಿ ಶಿವಬಸವ ನಗರದ ಸ್ಟಾಪಿನಲ್ಲಿ ಬಸ್ ಹತ್ತಲಾಗದೆ ಕಾಲೇಜು ಬಿಡುವ ಮಾತು ಆಡುತ್ತಿದ್ದಳು. ನಾನು ದಿನಚರಿಯಲ್ಲಿ ಸ್ಕೂಟರಿನ ಹಣಕ್ಕೆ ಬೋನಸ್ಸನ್ನು ಪೂರ್ತಿ ಕೂಡಿಸಿ ಬರೆದಿದ್ದೆ. ಅಷ್ಟರಲ್ಲಿ ಸಾಹೇಬರ ಹುಕುಂ ಬಂತು: ಬೋನಸ್ಸಿನ ತೆರಿಗೆ ಬೋನಸ್ಸಿನಲ್ಲೇ ಹಿಡಿಯಬೇಕು.

ಕೂತಲ್ಲಿ ಕೂರಲಾಗಲಿಲ್ಲ. ಅವರ ಮೇಜಿಗೆ ಓಡಿದೆ. “ಬಾಯಾರ, ಈಗ ಏನೂ ಹಿಡೀಬ್ಯಾಡ್ರಿ. ಎಲ್ಲಾ ಮಾರ್ಚಿಗೆ ಹಿಡೀರಿ.”

“ಮಾರ್ಚಿನ್ಯಾಗ ಮನಿಮಂದಿ ಗಾಳಿ ತಿನ್ನಬೇಕೇನು? ಕುಂದರು ಮೊದಲ.”

ಪೆನ್ಸಿಲು ಹಿರಿದರು. “ಬೋನಸ್ಸಿಗೆ ಬ್ಯಾರೆ ತೆರಿಗಿ ಅಂತಿಲ್ಲ. ವರ್ಷದ ಪಗಾರಕ್ಕ ಕೂಡಸೂದು, ವಿಮಾ, ಪಿ.ಎಫ್. ಕಳದು ವರ್ಷದ ತೆರಿಗಿ ತಗಿಯೂದು. ಹೆಚ್ಚಾದದ್ದನ್ನ ಮಾರ್ಚ್ ತನಕ ಸಮ ಹಂಚೂದು. ಈಗ ಒಂದು ಪಾಲು ಹೋಗತೈತಿ. ಅಷ್ಟು ಕಮ್ಮಿ ಬಿದ್ದರ ತಡಕೋತೀಯಿಲ್ಲೋ?”

ತಡೆದುಕೊಳ್ಳಬಹುದಿತ್ತು. ಅವರು ನೇರ ಸಾಹೇಬರ ಕೋಣೆಗೆ ನಡೆದರು. ನಾನು ಬಾಗಿಲ ಹೊರಗೆ ಅತ್ತಿಂದಿತ್ತ ತಿರುಗುತ್ತಿದ್ದೆ.

“ನಡುವs ನೌಕರಿ ಬಿಟ್ಟು ಹೋದರ ಯಾರು ತುಂಬೂದು?” ಸಾಹೇಬರ ದನಿ.

“ಕಡೀ ಪಗಾರ ನನ್ನ ಕೈಯಾಗs ಇರತೈತಲ್ರಿ, ಅದರಾಗ ಹಿಡೀತೀನಿ. ವರ್ಷದೊಳಗ ಹೆಚ್ಚುಕಡಿಮಿ ಸರಿ ಮಾಡಾಕ ಕಾಯ್ದೆದಾಗ ಜಾಗಾ ಐತ್ರಿ. ಒಮ್ಮೆಲೆ ಹಿಡದರ ನಮಗ ಕೆಲಸ ಹಗರ, ಅವಂಗ ಹಬ್ಬ ಇಲ್ಲ.”

ಹೊರಗೆ ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮಾರ್ಚ್ ತನಕ ಎಲ್ಲೂ ಓಡಬ್ಯಾಡ. ನಿನ್ನ ಜಾಮೀನ ನಾನ.”

ಸ್ಕೂಟರ್ ಬಂದ ವಾರ ಬಾಯಾರನ್ನು ಸ್ಟೇಶನ್ನಿಗೆ ಬಿಡುತ್ತೇನೆಂದು ಹಟ ಹಿಡಿದೆ. ಒಂದು ಬದಿಗೆ ಕಾಲಿಳಿಬಿಟ್ಟು ಕೂತು, ನನ್ನ ಭುಜವನ್ನು ಉಗುರು ನಾಟುವಂತೆ ಹಿಡಿದಿದ್ದರು. “ಸಾವಕಾಶ ಹೊಡಿಯೋ! ಹಿಂದಿನ ಗಾಲಿ ಮಾರ್ಚ್ ತನಕ ಸರ್ಕಾರದ್ದೈತಿ.”

ಜನವರಿಯಲ್ಲಿ ಒಂದು ಮುಂಜಾನೆ ಅವರು ಬರಲಿಲ್ಲ. ಖಾನಾಪುರದ ಮನೆಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರೆಂದು ಮಧ್ಯಾಹ್ನ ಸುದ್ದಿ ಬಂತು. ಮರುದಿನ ಯಾರೂ ಕುಲುಮೆ ಹಚ್ಚಲಿಲ್ಲ.

ಫೆಬ್ರುವರಿಯ ಪಗಾರ ಚೀಟಿಯಲ್ಲಿ ಬೇರೆಯವರ ಅಕ್ಷರ, ಕಡಿತದ ಮೊತ್ತ ಮಾತ್ರ ಬಾಯಾರು ಗೊತ್ತು ಮಾಡಿಟ್ಟದ್ದೇ. ಮಾರ್ಚಿನಲ್ಲಿ ಕೊನೆಯ ಪಾಲು ಹೋಯಿತು. ಆ ಚೀಟಿ ಹಿಡಿದು, ಯಾಕೆಂದು ತಿಳಿಯದೆ, ಅವರ ಮೇಜಿನ ಮುಂದೆ ಹೋಗಿ ನಿಂತೆ. ಹೊಸ ಕಾರಕೂನ ತಲೆ ಎತ್ತಿದ.

“ಏನರ ತಪ್ಪು ಆಗೇತೇನ್ರಿ?”

“ಇಲ್ಲರಿ,” ಅಂದೆ, “ಲೆಕ್ಕ ಬರೋಬರ ಐತಿ.”