ಮಾತು ಮೊದಲು, ತುಟಿ ಆಮೇಲೆ

ಅಕ್ಕ ಹೇಳಿದ್ದನ್ನು ನಾನು ಕೇಳಲಿಲ್ಲ. ಕೇಳಿಸಿತ್ತು, ಕೇಳಲಿಲ್ಲ.

ಇಳಕಲ್ಲಿನಲ್ಲಿ ನಮ್ಮ ಮನೆಯ ಹಿಂದೆಯೇ ತಗಡಿನ ಶೆಡ್ಡು, ಅದರಲ್ಲಿ ಆರು ಪವರ್‌ಲೂಮು. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅಕ್ಕ ಹದಿನಾರು ವರ್ಷ ಅಲ್ಲಿ ನನ್ನ ಜೊತೆ ನಿಂತಳು. ಹರಿದ ಎಳೆಗೆ ಅವಳಷ್ಟು ಬೇಗ ಗಂಟು ಹಾಕುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಮಗ್ಗ ಓಡುವಾಗ ಶೆಡ್ಡಿನಲ್ಲಿ ಮಾತು ನಡೆಯುವುದಿಲ್ಲ. ತುಟಿ ನೋಡಿ ತಿಳಿಯಬೇಕು, ಕೈ ನೋಡಿ ತಿಳಿಯಬೇಕು. ಅಂಗೈ ಎತ್ತಿದರೆ 'ನಿಲ್ಲಿಸು' ಎಂದು.

ಒಂದು ದಿನ ಊಟಕ್ಕೆ ಕೂತಾಗ ಅವಳು, "ಕಿವ್ಯಾಗ ಗುಂಯ್ ಅಂತೈತಿ ತಮ್ಮಾ. ಮಗ್ಗ ನಿಂತ ಮ್ಯಾಲೂ ನಿಲ್ಲಂಗಿಲ್ಲ. ಒಮ್ಮೆ ದವಾಖಾನಿಗೆ ಹೋಗಿ ಬರೂಣೇನು?" ಎಂದಳು.

"ಮಗ್ಗದಾಗ ದುಡಿಯೋರಿಗೆ ಎಲ್ಲಾರಿಗೂ ಹಂಗ ಅಂತೈತಿ. ನನಗೂ ಅಂತೈತಿ, ಬಿಡ" ಎಂದೆ.

ಲಗ್ನದ ದಿನಗಳು, ಸೀರೆಗೆ ಬೇಡಿಕೆ ಜೋರು. ಅವಳು ಬರದಿದ್ದರೆ ಎರಡು ಮಗ್ಗ ನಿಲ್ಲುತ್ತಿದ್ದವು. ಅವಳು ಇನ್ನೂ ಎರಡು ಸಲ ಹೇಳಿದಳು. ಆಮೇಲೆ ಹೇಳುವುದನ್ನೇ ಬಿಟ್ಟಳು. ವಾಸಿಯಾಗಿರಬೇಕು ಎಂದುಕೊಂಡೆ.

ಬೆನ್ನ ಹಿಂದೆ ಕುಕ್ಕರ್ ಕೂಗಿದರೂ ಅವಳು ತಿರುಗಿ ನೋಡದ ದಿನ ಬಾಗಲಕೋಟೆಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಷ್ಟರಲ್ಲಿ ಆರು ವರ್ಷ ಕಳೆದಿದ್ದವು. ಡಾಕ್ಟರು ಅವಳನ್ನು ಬಿಟ್ಟು ನನ್ನ ಮುಖ ನೋಡಿ, "ಹೋಗಿದ್ದು ತಿರುಗಿ ಬರಂಗಿಲ್ರಿ. ಆವಾಗ ಬಂದಿದ್ರ ಉಳಿದದ್ದನ್ನ ಕಾಯಬಹುದಿತ್ತು" ಎಂದರು. ಕಿವಿಗೆ ಮಶೀನು ಕೊಟ್ಟರು. ಅವಳು ಶೆಡ್ಡಿಗೆ ಬರುವುದನ್ನು ಅವತ್ತೇ ನಿಲ್ಲಿಸಿದೆ.

ಆದರೆ 'ತಪ್ಪಾಯಿತು' ಎನ್ನಲಿಲ್ಲ. ನಮ್ಮ ಮನೆಯಲ್ಲಿ ಆ ಮಾತಿನ ರೂಢಿಯಿಲ್ಲ. ಅವ್ವನಿಗೆ ಬೈದ ದಿನ ಸಂಜೆ ಅಪ್ಪ ಅಮೀನಗಡದ ಕರದಂಟಿನ ಸಿಹಿ ಪೊಟ್ಟಣ ತರುತ್ತಿದ್ದ. ಅಲ್ಲಿಗೆ ಅದು ಮುಗಿಯುತ್ತಿತ್ತು. ನಾನೂ ಏನಾದರೂ ತರಬೇಕು ಎಂದುಕೊಂಡೆ.

ಅಕ್ಕ ಟಿವಿ ಮುಂದೆ ಕೂತರೆ ಸೌಂಡು ಪೂರ್ತಿ ಏರಿಸುತ್ತಿದ್ದಳು. ನಮಗೆ ತಲೆ ಸಿಡಿಯುತ್ತಿತ್ತು, ಅವಳಿಗೆ ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಬೇರೆ ಭಾಷೆಯಿಂದ ಕನ್ನಡಕ್ಕೆ ತಂದ ಧಾರಾವಾಹಿಯಲ್ಲಂತೂ ತುಟಿ ಒಂದು, ಮಾತು ಇನ್ನೊಂದು. ಬರಬರುತ್ತ ನಾವು ಟಿವಿ ಹಚ್ಚಿದ ಕೂಡಲೇ, "ನನಗ್ಯಾಕ ಬೇಕವಾ, ನೀವು ನೋಡ್ರಿ" ಎಂದು ನನ್ನ ಹೆಂಡತಿಗೆ ಹೇಳಿ ಎದ್ದು ಅಡುಗೆಮನೆಗೆ ಹೋಗತೊಡಗಿದಳು. ಅವಳನ್ನು ಆ ಅಡುಗೆಮನೆಯಿಂದ ವಾಪಸು ಕರೆತರಬೇಕು, ಅದೊಂದೇ ನನ್ನ ತಲೆಯಲ್ಲಿತ್ತು.

ಕಳೆದ ವರ್ಷ ಬಾಗಲಕೋಟೆಯ ನವನಗರದ ಒಂದು ಅಂಗಡಿಗೆ ಹೋದೆ. ರಿಸೀವರ್ ಎಂದು ಒಂದು ಪೆಟ್ಟಿಗೆ ಬರುತ್ತದೆ. ಟಿವಿಯದಾಗಲಿ ಹಾಡಿನದಾಗಲಿ ದನಿಯನ್ನು ತಾನು ತೆಗೆದುಕೊಂಡು ನಾಲ್ಕಾರು ಸ್ಪೀಕರಿಗೆ ಹಂಚುತ್ತದೆ. ಅಂಗಡಿಯವರು ಮೊದಲು ಕುಳಗೇರಿ ಕ್ರಾಸಿನಲ್ಲಿ ಮೈಕ್‌ಸೆಟ್ಟು ಬಾಡಿಗೆಗೆ ಕೊಡುತ್ತಿದ್ದ ಹಿರಿಯರು.

"ಎಲ್ಲಾದಕ್ಕಿಂತ ಜೋರ ಯಾವುದೈತ್ರಿ?" ಎಂದೆ.

"ಜೋರ ಬೇಕೋ, ಮಾತ ಬೇಕೋ?"

"ನಮ್ಮ ಅಕ್ಕಗ ಕಿವಿ ಕಡಿಮಿ ಐತ್ರಿ. ಆಕೀ ಸಲುವಾಗಿ."

"ಅವರನ್ನ ಕೇಳಿರೇನು?"

"ಇಲ್ರಿ."

"ಪೆಟಿಗಿ ಮಾರಾಂವ ನಾನು, ಆದ್ರೂ ಹೇಳ್ತೇನಿ. ಕಾಲು ಮನ್ಯಾಗ ಬಿಟ್ಟು ಚಪ್ಪಲಿ ಕೊಳ್ಳಾಕ ಬಂದೀರಿ ನೀವು."

ಬರಿಗೈಯಲ್ಲಿ ಬಸ್ಸು ಹತ್ತಿದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಶಬ್ದಗಳ ವಿಚಾರ ಮಾಡಿದವನಲ್ಲ. ಆದರೆ ಹುನಗುಂದ ದಾಟುವ ತನಕ ಅವರ 'ಕೇಳಿರೇನು' ಕಿವಿ ಬಿಡಲಿಲ್ಲ. ಕಿವಿಯಿಂದ ಕೇಳುವುದಕ್ಕೂ ಬಾಯಿಂದ ಕೇಳುವುದಕ್ಕೂ ನಮ್ಮಲ್ಲಿ ಒಂದೇ ಮಾತು. ನಾನು ಎರಡನ್ನೂ ಮಾಡಿರಲಿಲ್ಲ.

ಮುಂದಿನ ವಾರ ಅಕ್ಕನನ್ನು ಕರೆದುಕೊಂಡೇ ಹೋದೆ. ನಾನು ಹಿಂದಿನ ವಾರ ಕೇಳಿದ್ದ, ಎಲ್ಲಕ್ಕಿಂತ ಜೋರಿನದನ್ನು ಅಂಗಡಿಯವರು ಮೊದಲು ಹಚ್ಚಿದರು. ಏಳು ಸ್ಪೀಕರು. ಕಪಾಟಿನ ಗಾಜು ನಡುಗಿತು. ನನಗೆ ಎದೆ ತುಂಬಿತು. ಅಕ್ಕ ನಕ್ಕಳು.

"ಶೆಡ್ಡನ್ನ ಮನಿಯೊಳಗ ತರಾಕ ಹೊಂಟೀಯೇನಲೇ? ಬಾಯಿ ದೊಡ್ಡದೈತಿ, ಮಾತಿಲ್ಲ. ನಿನ್ನಂಗ."

ಅಂಗಡಿಯವರು ನಗು ತಡೆಯಲು ಬೇರೆ ಕಡೆ ಮುಖ ಮಾಡಿದರು. ಆಮೇಲೆ ಸಣ್ಣದೊಂದನ್ನು ಹಚ್ಚಿದರು. ಅದಕ್ಕೆ ಐದೇ ಸ್ಪೀಕರು, ಆದರೆ ಮಾತೆಲ್ಲ ನಡುವಿನ ಒಂದರಿಂದಲೇ ಬರುತ್ತದೆ; ಅದೊಂದನ್ನೇ ಏರಿಸಬಹುದು. ಟಿವಿಯಲ್ಲಿ ಒಬ್ಬ ಹೆಣ್ಣುಮಗಳು ಸುದ್ದಿ ಓದುತ್ತಿದ್ದಳು. ಅಕ್ಕ ಮುಂದೆ ಬಗ್ಗಿ ಅವಳ ತುಟಿಯನ್ನೇ ನೋಡಿದಳು. ಹುಬ್ಬು ಗಂಟಾಯಿತು.

"ಈಕೀ ಮಾತು ಮೊದಲ ಬರತಾವು, ತುಟಿ ಆಮ್ಯಾಲ ಆಡತಾವು."

ನಾನು ನೋಡಿದೆ, ಏನೂ ಕಾಣಲಿಲ್ಲ. ಅಂಗಡಿಯವರು ಕನ್ನಡಕ ಏರಿಸಿಕೊಂಡು ಟಿವಿಯ ಹತ್ತಿರ ಹೋಗಿ ನಿಂತು ನೋಡಿದರು.

"ಖರೆ ಐತ್ರಿ! ಇಷ್ಟ ವರ್ಷಾತು, ಒಬ್ರೂ ಹೇಳಿದ್ದಿಲ್ಲ."

ದೊಡ್ಡ ಟಿವಿಯಲ್ಲಿ ಚಿತ್ರ ಮೂಡುವುದು ಒಂದು ಚೂರು ತಡವಾಗುತ್ತದಂತೆ. ರಿಸೀವರ್ ದನಿಯನ್ನೂ ಅಷ್ಟೇ ತಡೆದು ಹಿಡಿಯಬಲ್ಲದು, ನಾವು ಹೇಳಬೇಕು ಅಷ್ಟೆ. ಅವರು ರಿಮೋಟು ಹಿಡಿದು ಒಂದೊಂದೇ ಸಲ ಒತ್ತುತ್ತ ಅಕ್ಕನ ಮುಖ ನೋಡಿದರು. ಎಂಟನೇ ಸಲಕ್ಕೆ ಅಕ್ಕ ಅಂಗೈ ಎತ್ತಿದಳು. ಶೆಡ್ಡಿನ ಅದೇ ಸನ್ನೆ. ಅವರಿಗೆ ತಿಳಿಯದೆ ಇನ್ನೊಮ್ಮೆ ಒತ್ತುವವರಿದ್ದರು. "ಸಾಕ್ರಿ, ನಿಲ್ಲಸ್ರಿ!" ಎಂದು ನಾನೇ ಕೂಗಿದೆ.

"ಹುಬ್ಬಳ್ಳಿ ಗಾಡಿ ತಡ ಐತಂತ" ಎಂದಳು ಅಕ್ಕ, ಟಿವಿಯವಳ ಮಾತು ಹಿಡಿದು, ತಾನೇ ಊರಿಂದ ಸುದ್ದಿ ತಂದವಳ ಹಾಗೆ.

ಆ ಸಣ್ಣದೇ ಮನೆಗೆ ಬಂತು. ಮೊದಲ ದಿನ ಧಾರಾವಾಹಿಯಲ್ಲಿ ಯಾರೋ ಚೇಷ್ಟೆ ಮಾಡಿದಾಗ ಅಕ್ಕ ನಮ್ಮೆಲ್ಲರಿಗಿಂತ ಮೊದಲು ನಕ್ಕಳು. "ತಡೀರಿ ಅಕ್ಕಾರ, ನಮಗೂ ತಿಳೀಲಿ!" ಎಂದಳು ನನ್ನ ಹೆಂಡತಿ. ಈಗ ರಿಮೋಟು ಅಕ್ಕನ ಕೈಯಲ್ಲೇ ಇರುತ್ತದೆ. ಅಡುಗೆಮನೆಯ ಕಡೆ ಹೋಗು ಎಂದರೂ ಏಳುವುದಿಲ್ಲ.

ಪೆಟ್ಟಿಗೆ ತಂದ ವಾರದ ಭಾನುವಾರ ಮಧ್ಯಾಹ್ನ ನಾನು ಹಾಡು ಹಚ್ಚಿದೆ, ಅವ್ವ ಹಾಡುತ್ತಿದ್ದ ಒಂದು ವಚನ. ಅಕ್ಕ ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ಬಡಿಯುತ್ತ ಕೂತಳು. ಬಡಿತ ಒಂದೂ ತಪ್ಪಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ಕೇಳಿದಳು:

"ಇದರಾಗ ತಾಳ ಇಲ್ಲೇನು? ಅವ್ವ ತಾಳ ಹಿಡದ ಹಾಡತಿದ್ದಳಲ್ಲ."

ಕಂಚಿನ ತಾಳ ಕೋಣೆಯ ತುಂಬ ಘಲ್ ಘಲ್ ಎನ್ನುತ್ತಿತ್ತು. ನನ್ನ ಹೆಂಡತಿ ನನ್ನ ಕಡೆ ನೋಡಿದಳು.

"ಐತಿ ಯಕ್ಕಾ" ಎಂದೆ.

"ಹೌದಾ?" ಎಂದು ಸ್ಪೀಕರಿನ ಕಡೆ ಕಿವಿ ತಿರುಗಿಸಿದಳು. ಆಮೇಲೆ, "ಇರಲಿ ಬಿಡ. ತಬಲಾ ಛಲೋ ಕೇಳತೈತಿ" ಎಂದಳು.

ಅವಳ ಕಿವಿಯಿಂದ ಹೋದ ಆ ತಾಳದ ಚೂಪು ದನಿಯನ್ನು ಯಾವ ಪೆಟ್ಟಿಗೆಯೂ ಅವಳಿಗೆ ತಂದುಕೊಡುವುದಿಲ್ಲ. ಇದು ಕರದಂಟಿನಿಂದ ಮುಗಿಯುವ ಮಾತಾಗಿರಲಿಲ್ಲ. ನಾನು ತಲೆ ಬಗ್ಗಿಸಿ, ರಿಸೀವರ್ ಕಡೆ ನೋಡುತ್ತ ಏನೋ ಗೊಣಗಿದೆ.

"ಪೆಟಿಗಿ ಕೂಡ ಏನ ಮಾತಾಡ್ತಿ? ಇತ್ತ ಮಾರಿ ಮಾಡಲೇ."

ಹಾಡು ನಿಲ್ಲಿಸಿದೆ. ಅವಳ ಎದುರಿಗೆ ನೆಲದ ಮೇಲೆ ಕೂತೆ. ತುಟಿಯೂ ದನಿಯೂ ಕೂಡಿಯೇ ಬರುವ ಹಾಗೆ, ನಿಧಾನವಾಗಿ, ದೊಡ್ಡದಾಗಿ ಹೇಳಿದೆ:

"ಯಕ್ಕಾ, ಕಿವ್ಯಾಗ ಗುಂಯ್ ಅಂತೈತಿ ಅಂತ ನೀ ಮೂರು ಸಲ ಹೇಳಿದಿ. ನನಗ ಕೇಳಿಸಿತ್ತು. ನಾ ಕೇಳಲಿಲ್ಲ. ತಪ್ಪು ನಂದಽ. ಕ್ಷಮಿಸು ಯಕ್ಕಾ."