ಅಮ್ಮನ ಫೋನಿನಲ್ಲಿ ತುಂಬಿದ ಅರ್ಜಿ

ಹನ್ನೊಂದನೇ ತರಗತಿಯ ಫೆಬ್ರುವರಿಯಲ್ಲಿ ನಾನು ಆ ಅರ್ಜಿ ತುಂಬಿದ್ದು ಆಸ್ಪತ್ರೆಯಲ್ಲಿ ಕೂತು. ಅಮ್ಮನಿಗೆ ಅಂದು ಮೂರನೇ ಕೀಮೋ. ನವಿ ಮುಂಬಯಿಯ ಆ ಆಸ್ಪತ್ರೆಯ ಹಾಲ್‌ನಲ್ಲಿ ಸಾಲಾಗಿ ಒರಗುಕುರ್ಚಿಗಳಿದ್ದವು. ಜೊತೆಗೆ ಬಂದವರಿಗೆ ಪಕ್ಕದಲ್ಲಿ ಒಂದೊಂದು ಪ್ಲಾಸ್ಟಿಕ್ ಸ್ಟೂಲು. ಡ್ರಿಪ್ ಮುಗಿಯಲು ನಾಲ್ಕೈದು ತಾಸು ಬೇಕು. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ನನ್ನ ಫೋನಿನ ಚಾರ್ಜ್ ಮುಗಿದಿತ್ತು, ಹಾಗಾಗಿ ಅವಳ ಫೋನನ್ನೇ ತೆಗೆದುಕೊಂಡೆ.

ಮಹಾಪೆಯ ಒಂದು ಸಂಶೋಧನಾ ಪ್ರಯೋಗಾಲಯ ಬೇಸಿಗೆ ರಜೆಯಲ್ಲಿ ಕೆಲವು ವಿದ್ಯಾರ್ಥಿಗಳನ್ನು ಆರು ವಾರ ಇಟ್ಟುಕೊಂಡು ಕ್ಯಾನ್ಸರ್ ಸಂಶೋಧನೆಯ ಕೆಲಸ ಕಲಿಸುತ್ತದೆ ಎಂದು ಕಾಲೇಜಿನ ಜೀವಶಾಸ್ತ್ರದ ಟೀಚರ್ ಹೇಳಿದ್ದರು. ಅರ್ಜಿ ಹಾಕು, ನಿನ್ನ ಮಾರ್ಕ್ಸ್ ಚೆನ್ನಾಗಿದೆ ಎಂದಿದ್ದರು. ಮನೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ.

ಅರ್ಜಿಯ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು. ಕ್ಯಾನ್ಸರ್ ನಿಮ್ಮ ಬದುಕನ್ನು ಹೇಗೆ ತಟ್ಟಿದೆ, ಒಂದು ಪುಟದಷ್ಟು ಬರೆಯಿರಿ ಎಂದು. ನಾನು ಇದ್ದದ್ದನ್ನೇ ಬರೆದೆ. ಅಮ್ಮನಿಗೆ ಸ್ತನ ಕ್ಯಾನ್ಸರ್, ನವೆಂಬರಿನಲ್ಲಿ ಆಪರೇಷನ್ ಆಯಿತು, ಈಗ ಚಿಕಿತ್ಸೆ ನಡೆಯುತ್ತಿದೆ. ಓದಿ ನೋಡಿದೆ. ಅರ್ಧಕ್ಕೆ ನಿಂತ ಹಾಗೆ ಕಾಣಿಸಿತು. ಹಿಂದಿನ ವರ್ಷ ಅಲ್ಲಿಗೆ ಹೋಗಿದ್ದ ಒಬ್ಬಳು, ಅವರಿಗೆ ಕಥೆ ಬೇಕು, ಸುಮ್ಮನೆ ಆಸಕ್ತಿ ಇದೆ ಅಂತ ಬರೆದರೆ ತಗೊಳ್ಳುವುದಿಲ್ಲ ಎಂದದ್ದು ನೆನಪಿತ್ತು. ಇಂಗ್ಲಿಷಿನಲ್ಲಿ ಇದ್ದ ‘ಈಸ್’ಗಳನ್ನೆಲ್ಲ ‘ವಾಸ್’ ಮಾಡಿದೆ. ಜನವರಿಯಲ್ಲಿ ಅಮ್ಮ ತೀರಿಕೊಂಡಳು ಎಂದು ಒಂದು ಸಾಲು ಸೇರಿಸಿದೆ. ನರ್ಸ್ ಬಂದು ಡ್ರಿಪ್‌ನ ಬಾಟಲಿ ಬದಲಾಯಿಸಿದಳು. ಅಮ್ಮ ಕಣ್ಣು ಬಿಟ್ಟು ನೀರು ಕೇಳಿದಳು. ಕುಡಿಸಿದೆ. ಆಮೇಲೆ ಅರ್ಜಿ ಕಳಿಸಿದೆ.

ನನಗೆ ಆಗ ಏನೂ ಅನ್ನಿಸಲಿಲ್ಲ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಆ ತಿಂಗಳುಗಳಲ್ಲಿ ನನಗೆ ಯಾವುದರಿಂದಲೂ ಏನೂ ಅನ್ನಿಸುತ್ತಿರಲಿಲ್ಲ. ಅಮ್ಮನ ಕೂದಲು ಬಾತ್‌ರೂಮಿನ ಜಾಲರಿಯಲ್ಲಿ ಕಟ್ಟಿಕೊಂಡರೆ ತೆಗೆದು ಕಸದ ಡಬ್ಬಿಗೆ ಹಾಕಿ ಕೈ ತೊಳೆಯುತ್ತಿದ್ದೆ. ಅಪ್ಪ ಠಾಣೆ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಡೊಂಬಿವಲಿಯಿಂದ ಬೆಳಗ್ಗಿನ ಮೊದಲ ಲೋಕಲ್ ರೈಲು ಹಿಡಿದು ಹೋಗಿಬಿಡುತ್ತಿದ್ದರು. ಹೋಗುವ ಮುಂಚೆ ಅಮ್ಮನ ಹಣೆ ಮುಟ್ಟಿ ಜ್ವರ ಉಂಟಾ ಎಂದು ನೋಡುತ್ತಿದ್ದರು, ಇಲ್ಲ ಎಂದಾದರೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಮನೆಯಲ್ಲಿ ಯಾರೂ ಅತ್ತದ್ದು ನಾನು ನೋಡಿಲ್ಲ.

ಮಾರ್ಚ್ ಕೊನೆಗೆ ಆಯ್ಕೆಯ ಸುದ್ದಿ ಬಂತು. ಅಮ್ಮನ ಫೋನಿನಿಂದ ಕಳಿಸಿದ್ದರಿಂದ ಅರ್ಜಿಯಲ್ಲಿ ಅವಳ ಮೇಲ್ ವಿಳಾಸವೇ ಕೂತುಬಿಟ್ಟಿತ್ತು, ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಅವಳೇ ಮೊದಲು ನೋಡಿ, ನಾನು ಕ್ಲಾಸಿನಿಂದ ಬಂದು ಚೀಲ ಇಡುವಾಗ ಹೇಳಿದಳು. “ನಿನ್ನ ಹೆಸರು ಬಂದಿದೆ ಮಾರಾಯ್ತಿ. ಬಿಳಿ ಕೋಟು ತರ್ಬೇಕಂತೆ.”

ಎರಡು ದಿನ ಬಿಟ್ಟು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಅವಳೇ ಅಂಗಡಿಗೆ ಹೋಗಿ ಕೋಟು ತಂದಳು. ಗುಂಡಿಗಳು ಸಡಿಲ ಎಂದು ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿದಳು. ಎಡಗೈ ಎತ್ತಿದರೆ ಆಪರೇಷನ್ ಆದ ಕಡೆ ಎಳೆಯುತ್ತಿತ್ತು, ಹಾಗಾಗಿ ಕೋಟನ್ನು ಮಡಿಲಲ್ಲಿಟ್ಟುಕೊಂಡು ಹೊಲಿದಳು.

ಮೇ ಮೊದಲ ವಾರ ಕೆಲಸ ಶುರುವಾಯಿತು. ಅದೇ ಸಮಯಕ್ಕೆ ಅಮ್ಮನಿಗೆ ರೇಡಿಯೇಶನ್ ಕೂಡ ಶುರು. ಇಬ್ಬರೂ ಡೊಂಬಿವಲಿಯಿಂದ ಒಂದೇ ಬಸ್ಸಿನಲ್ಲಿ ಹೊರಡುತ್ತಿದ್ದೆವು. ನಾನು ಮಹಾಪೆಯಲ್ಲಿ ಇಳಿಯುತ್ತಿದ್ದೆ, ಅವಳು ಮುಂದೆ ಆಸ್ಪತ್ರೆಗೆ ಹೋಗುತ್ತಿದ್ದಳು. ಜೊತೆಗೆ ಬರಲಾ ಎಂದು ಮೊದಲ ದಿನ ಕೇಳಿದ್ದೆ. ಹತ್ತು ನಿಮಿಷದ ಕೆಲಸ, ಮಲಗಿ ಏಳುವುದಷ್ಟೇ, ನೀನು ನಿನ್ನ ಕೆಲಸ ನೋಡು ಎಂದಳು.

ಪ್ರಯೋಗಾಲಯದಲ್ಲಿ ನಾವು ಆರು ಮಂದಿ ವಿದ್ಯಾರ್ಥಿಗಳು. ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಮರಾಠಿ ವಿಜ್ಞಾನಿ, ನಲವತ್ತು ದಾಟಿದ ಮೆಲುದನಿಯ ಹೆಂಗಸು. ನಾವು ಅವರನ್ನು ಮ್ಯಾಡಮ್ ಎನ್ನುತ್ತಿದ್ದೆವು. ಮೊದಲ ದಿನವೇ ಅವರು ನನ್ನನ್ನು ಕಾರಿಡಾರಿಗೆ ಕರೆದು, ನೀನು ಬರೆದದ್ದನ್ನು ಓದಿದ್ದೇನೆ ಎಂದರು. ಇಲ್ಲಿ ಯಾವುದಾದರೂ ಕೆಲಸ ಮಾಡಲು ಕಷ್ಟವೆನಿಸಿದರೆ ಹೇಳು, ಯಾರೂ ಏನೂ ಅಂದುಕೊಳ್ಳುವುದಿಲ್ಲ ಎಂದರು. ನಾನು ತಲೆಯಾಡಿಸಿದೆ. ಆಮೇಲೆ ಉಳಿದ ಐವರಿಗೂ ವಿಷಯ ತಿಳಿದಿರಬೇಕು. ನಾನು ಬಂದರೆ ಮಾತು ತಗ್ಗಿಸುತ್ತಿದ್ದರು. ತಾಯಂದಿರ ಬಗ್ಗೆ ದೂರುವುದನ್ನು ನನ್ನ ಎದುರು ನಿಲ್ಲಿಸಿದರು. ಊಟದ ಹೊತ್ತಿಗೆ ಡಬ್ಬಿ ತೆರೆದಾಗ ಮ್ಯಾಡಮ್ ಒಮ್ಮೆ, ಇದನ್ನೆಲ್ಲ ಯಾರು ಮಾಡಿಕೊಡುತ್ತಾರೆ ಎಂದು ಕೇಳಿದರು. ಅಂದು ನೀರುದೋಸೆ ಮತ್ತು ಚಟ್ನಿ ಇತ್ತು. ನಾನೇ ಮಾಡಿಕೊಳ್ಳುತ್ತೇನೆ ಎಂದೆ. ಅವರು ನನ್ನ ಬೆನ್ನ ಮೇಲೆ ಕೈ ಇಟ್ಟರು. ಆ ಕೈ ಅಲ್ಲಿದೆ ಎಂದು ಗೊತ್ತಾಗುತ್ತಿತ್ತು, ಅಷ್ಟೆ.

ಕೆಲಸ ನನಗೆ ಹಿಡಿಸಿತು. ಮೊದಲ ವಾರ ಬಣ್ಣದ ನೀರಿನಲ್ಲಿ ಅಳತೆ ಮಾಡುವುದನ್ನು ಕಲಿಸಿದರು. ಆಮೇಲೆ ಜೀವಕೋಶ ಎಣಿಸುವುದು. ಸಣ್ಣ ಚೌಕಗಳನ್ನು ಕೊರೆದ ಗಾಜಿನ ಮೇಲೆ ಒಂದು ಹನಿ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಹನಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಸತ್ತ ಕೋಶ ನೀಲಿಯನ್ನು ಹೀರಿಕೊಳ್ಳುತ್ತದೆ, ಬದುಕಿದ್ದು ಹೊಳೆಯುತ್ತದೆ. ಯಾವ ಔಷಧಿ ಎಷ್ಟು ಕೊಟ್ಟಾಗ ಎಷ್ಟು ಉಳಿದವು ಎಂದು ಬರೆದಿಡಬೇಕು. ಉಳಿದವರಿಗೆ ಬೇಗ ಬೇಸರ ಬರುತ್ತಿತ್ತು. ನಾನು ಮಧ್ಯಾಹ್ನವಿಡೀ ಎಣಿಸುತ್ತಿದ್ದೆ. ನನ್ನ ಲೆಕ್ಕ ಮತ್ತು ಮ್ಯಾಡಮ್ ಲೆಕ್ಕ ಹೆಚ್ಚುಕಡಿಮೆ ಒಂದೇ ಬರುತ್ತಿತ್ತು.

ಕೊನೆಯ ದಿನ ಹೆತ್ತವರನ್ನು ಕರೆದು, ನಾವು ಮಾಡಿದ ಪೋಸ್ಟರುಗಳನ್ನು ತೋರಿಸುವ ಕಾರ್ಯಕ್ರಮವಿತ್ತು. ನಾನು ಮನೆಯಲ್ಲಿ ಹೇಳಲಿಲ್ಲ. ಆದರೆ ಆಮಂತ್ರಣ ಬಂದದ್ದೂ ಅಮ್ಮನ ಫೋನಿಗೇ. ಹಿಂದಿನ ಸಂಜೆ ಸೊಪ್ಪು ಬಿಡಿಸುತ್ತಾ, ತಾನು ಬರುತ್ತೇನೆ ಎಂದಳು. ಸುಸ್ತಾಗುತ್ತದೆ, ಬೇಡ ಎಂದೆ.

“ದಿನಾ ನಿನ್ನ ಜೊತೆ ಬಂದು ಮುಂದೆ ಹೋಗ್ತಿದ್ದೆ ಅಲ್ವಾ,” ಎಂದಳು. “ರೇಡಿಯೇಶನ್ ಮುಗೀತಲ್ಲ. ನಾಳೆ ನಿನ್ನ ಸ್ಟಾಪಲ್ಲಿ ಇಳೀತೇನೆ.”

ಮರುದಿನ ಶಿಳ್‌ಫಾಟಾದ ಹತ್ತಿರ ಟ್ರಾಫಿಕ್ಕಿನಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಹೇಳಬೇಕಾದರೆ ಅಲ್ಲೇ ಹೇಳಬೇಕಿತ್ತು. ಅಮ್ಮ ಹಸಿರು ಕಾಟನ್ ಸೀರೆ ಉಟ್ಟು, ಅದಕ್ಕೆ ಹೊಂದುವ ಸ್ಕಾರ್ಫ್ ಕಟ್ಟಿದ್ದಳು. ಅದರ ಅಂಚಿನಲ್ಲಿ ಹೊಸ ಕೂದಲು ಕಂಡೂ ಕಾಣದ ಹಾಗೆ ಬಂದಿತ್ತು. ಅಮ್ಮ, ಅಲ್ಲಿ, ಎಂದೆ. ಧೂಳು ಬರ್ತದೆ, ಕಿಟಕಿ ಹಾಕು ಎಂದಳು. ಹಾಕಿದೆ.

ಹಾಲ್‌ನ ಬಾಗಿಲಲ್ಲೇ ಮ್ಯಾಡಮ್ ನಿಂತಿದ್ದರು. ಅಮ್ಮನನ್ನೂ ಸ್ಕಾರ್ಫನ್ನೂ ನೋಡಿದರು. ಆಮೇಲೆ ನನ್ನನ್ನು. ನಾನು ಬಾಯಿ ತೆರೆಯುವ ಮೊದಲು ಅಮ್ಮ ಕೈ ಮುಗಿದು ಮರಾಠಿಯಲ್ಲಿ ಹೇಳಿದಳು.

“ಮೀ ತಿಚೀ ಮಾವಶೀ.”

ನಾನು ಅವಳ ಚಿಕ್ಕಮ್ಮ ಎಂದು.

ಮ್ಯಾಡಮ್ ಅವಳ ಎರಡೂ ಕೈ ಹಿಡಿದುಕೊಂಡರು. ನಿಮ್ಮ ಅಕ್ಕ ಇವತ್ತು ಇರಬೇಕಿತ್ತು ಎಂದರು. ಹೌದು, ಇದ್ದಿದ್ದರೆ ಖುಷಿ ಪಡುತ್ತಿದ್ದಳು ಎಂದು ಅಮ್ಮ ಅಂದಳು. ಅವಳ ದನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ನಮ್ಮ ಬಿಲ್ಡಿಂಗಿನ ಮೆಟ್ಟಿಲಲ್ಲಿ ನೆರೆಯವರ ಜೊತೆ ಮಾತಾಡುವ ಹಾಗೇ ಇತ್ತು.

ಆಮೇಲೆ ನನ್ನ ಪೋಸ್ಟರಿನ ಎದುರು ನಿಂತು, ಕನ್ನಡದಲ್ಲಿ ಹೇಳು ಎಂದಳು. ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದು ಚಿತ್ರದ ಮೇಲೆ ಬೆರಳಿಟ್ಟಳು.

“ಇದು ಯಾರ ಜೀವಕೋಶ?”

“ಯಾವುದೋ ಹೆಂಗಸಿನದ್ದು. ಎಷ್ಟೋ ವರ್ಷದ ಹಿಂದೆ ತೆಗ್ದದ್ದು. ಲ್ಯಾಬಲ್ಲಿ ಬೆಳೆಸ್ತಾ ಇರ್ತಾರೆ.”

“ಅವಳು ಇದ್ದಾಳಾ?”

“ಇಲ್ಲ.”

“ಎಂತ ಕ್ಯಾನ್ಸರ್ ಅವಳಿಗೆ?”

ನಿನ್ನದೇ ಎಂದೆ. ಅಮ್ಮ ತಲೆಯಾಡಿಸಿ ಪಕ್ಕದ ಪೋಸ್ಟರಿಗೆ ಹೋದಳು. ಆರೂ ಪೋಸ್ಟರ್ ನೋಡಿದಳು. ಸರ್ಟಿಫಿಕೇಟ್ ಕೊಡುವಾಗ ಉಳಿದವರ ತಾಯಂದಿರ ಜೊತೆ ನಿಂತು ಚಪ್ಪಾಳೆ ತಟ್ಟಿದಳು. ಫೋಟೋಗೆ ಕರೆದಾಗ ಮಾತ್ರ, ಹೆತ್ತವರೇ ನಿಲ್ಲಲಿ ಎಂದು ಹಿಂದೆ ಸರಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಜಾಗ ಸಿಕ್ಕಿತು. ಅಲ್ಲಿ ಕೊಟ್ಟ ತಿಂಡಿಯ ಪೊಟ್ಟಣ ಬಿಚ್ಚಿ ಸಮೋಸವನ್ನು ಎರಡು ಮಾಡಿ ನನಗೆ ಅರ್ಧ ಕೊಟ್ಟಳು. ಕೀಮೋದಿಂದ ಹೋಗಿದ್ದ ಬಾಯಿರುಚಿ ಆಗಷ್ಟೇ ತಿರುಗಿ ಬರುತ್ತಿತ್ತು, ಖಾರ ಗೊತ್ತಾಗ್ತಾ ಉಂಟು ಎಂದಳು. ತಿಂದು ಮುಗಿಸಿ, ಬೆರಳು ಒರೆಸಿಕೊಂಡು, ಹೊರಗೆ ನೋಡುತ್ತಾ ಮಾತಾಡಿದಳು.

“ಅರ್ಜಿಯ ಕಾಪಿ ನನ್ನ ಫೋನಿಗೇ ಬಂದಿತ್ತು. ಅವತ್ತೇ ಓದಿದ್ದೆ. ಡಿಕ್ಷನರಿ ಇಟ್ಕೊಂಡು ಓದಿದ್ದು. ಚಂದ ಬರೆದಿದ್ದಿ.”

ನಾನು ಮಡಿಲ ಮೇಲೆ ಬಿದ್ದಿದ್ದ ಸಮೋಸದ ಚೂರುಗಳನ್ನು ಕೊಡವಿದೆ.

“ಅಪ್ಪನಿಗೆ ಹೇಳ್ಬೇಡ,” ಎಂದಳು.

ಹ್ಞೂಂ ಎಂದೆ. ಅಂದರೆ ಫೆಬ್ರುವರಿಯಿಂದಲೂ ಅವಳಿಗೆ ಗೊತ್ತಿತ್ತು. ಗುಂಡಿ ಹೊಲಿಯುವಾಗ ಗೊತ್ತಿತ್ತು, ಆರು ವಾರ ಡಬ್ಬಿ ಕಟ್ಟುವಾಗ ಗೊತ್ತಿತ್ತು. ಇದನ್ನು ಮನಸ್ಸಿನಲ್ಲಿ ಒಂದೊಂದಾಗಿ ಹೇಳಿಕೊಂಡೆ. ಈಗಲಾದರೂ ಅಳು ಬರಬಹುದು ಎಂದು ಕಾದೆ. ಬರಲಿಲ್ಲ. ಡೊಂಬಿವಲಿಯಲ್ಲಿ ಇಳಿದು ತರಕಾರಿ ತಗೊಂಡು ಮನೆಗೆ ಹೋದೆವು.

ಮುಂದೆ ನಾನು ವಿಜ್ಞಾನ ಓದಲಿಲ್ಲ. ಶಿಫಾರಸು ಪತ್ರ ಬೇಕಾದರೆ ಕೇಳು ಎಂದು ಮ್ಯಾಡಮ್ ಹೇಳಿದ್ದರು, ನಾನು ಕೇಳಲಿಲ್ಲ. ಹನ್ನೆರಡು ಮುಗಿಸಿ ಕಾಮರ್ಸಿಗೆ ಸೇರಿದೆ. ಅಪ್ಪ ಕಾರಣ ಕೇಳಿದಾಗ, ಕೆಲಸ ಬೇಗ ಸಿಗುತ್ತದೆ ಎಂದೆ. ಈಗ ಬೇಲಾಪುರದ ಒಂದು ಕಚೇರಿಯಲ್ಲಿದ್ದೇನೆ. ಅಮ್ಮನಿಗೆ ಆರು ತಿಂಗಳಿಗೊಮ್ಮೆ ತಪಾಸಣೆ, ರಿಪೋರ್ಟುಗಳು ಇದುವರೆಗೆ ಸರಿಯಾಗಿಯೇ ಬಂದಿವೆ. ರಿಪೋರ್ಟ್ ತರಲು ನಾನೇ ಹೋಗುತ್ತೇನೆ. ಲಕೋಟೆಯನ್ನು ಕೌಂಟರಿನ ಎದುರೇ ತೆರೆದು ಓದಿ, ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತೇನೆ.

ಆ ಅರ್ಜಿಯ ವಿಷಯವನ್ನು ಅಮ್ಮನೂ ನಾನೂ ಮತ್ತೆ ಮಾತಾಡಿರಲಿಲ್ಲ. ಕಳೆದ ವರ್ಷ, ಯಾಕೆಂದು ಹೇಳಲಾರೆ, ಮ್ಯಾಡಮ್‌ಗೆ ಒಂದು ಮೇಲ್ ಬರೆದೆ. ಅಂದು ಬಂದವಳು ಚಿಕ್ಕಮ್ಮನಲ್ಲ, ನನ್ನ ತಾಯಿ, ನಾನು ಸುಳ್ಳು ಬರೆದಿದ್ದೆ, ನನ್ನಿಂದ ಒಬ್ಬರ ಜಾಗ ಹೋಯಿತು ಎಂದು ನಾಲ್ಕೇ ಸಾಲು. ಹತ್ತು ದಿನ ಉತ್ತರ ಬರಲಿಲ್ಲ. ಆಮೇಲೆ ಬಂತು. ಓದಿ ಬೇಸರವಾಯಿತು, ಆ ಜಾಗ ಸಿಗದೆ ಹೋದವರ ಬಗ್ಗೆ ಯೋಚಿಸುತ್ತಿದ್ದೇನೆ ಎಂದು ಬರೆದಿದ್ದರು. ಕೆಳಗೆ ಇನ್ನೊಂದು ಸಾಲು, ನಿನ್ನ ತಾಯಿ ಈಗ ಹೇಗಿದ್ದಾರೆ ಎಂದು.

ಅಮ್ಮ ಒಲೆಯ ಮುಂದೆ ನಿಂತಿದ್ದಳು. ಫೋನನ್ನು ಅವಳ ಕಡೆ ಹಿಡಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಓದಿ ಮುಗಿಸಿ ಒಲೆಯ ಉರಿ ತಗ್ಗಿಸಿದಳು.

“ಹುಷಾರಿದ್ದಾರೆ ಅಂತ ಬರಿ,” ಎಂದಳು.

ಬರೆದೆ. ಅದಕ್ಕೆ ಮತ್ತೆ ಉತ್ತರ ಬರಲಿಲ್ಲ. ಬರಬೇಕಾದ್ದೂ ಏನಿರಲಿಲ್ಲ.