ಮಯ್ಯರು ಕುದಿಸಿದ ಸೆನ್ಸರ್

ಸಾಲಿಗ್ರಾಮದ ರವಿಶಂಕರ ಮಯ್ಯರಿಗೆ ಈಗ ಐವತ್ತೇಳು. ಹದಿನಾರರಲ್ಲಿ ಅಡುಗೆಯ ತಂಡಕ್ಕೆ ಪಾತ್ರೆ ತೊಳೆಯಲು ಸೇರಿದವರು ಇಂದು ಐನೂರು ಎಲೆಯ ಊಟಕ್ಕೂ ಮುಂದಾಳು. ಹಂಡೆ ಕೊಪ್ಪರಿಗೆಗಳನ್ನು ಬಸ್ಸಿನ ಟಾಪಿಗೇರಿಸಿ, ಕಂಡಕ್ಟರನ ಬೈಗುಳ ಕೇಳುತ್ತ ಊರೂರು ತಿರುಗಿದ ಅವರ ಕಾಲ ಮುಗಿದದ್ದು ಹದಿಮೂರು ವರ್ಷಗಳ ಹಿಂದೆ, ಒಂದು ಪೆಟ್ರೋಲ್ ವ್ಯಾನ್ ಕೊಂಡಾಗ. ಅದರ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ.

ಕಳೆದ ಏಪ್ರಿಲಿನಲ್ಲಿ ಅದು ಕಪ್ಪು ಹೊಗೆ ಉಗುಳುತ್ತ ಹೆದ್ದಾರಿಯಲ್ಲಿ ನಿಲ್ಲತೊಡಗಿತು. ಎಂಜಿನ್ ಮುಗಿಯಿತು, ಗುಜರಿಗೆ ಕೊಡುವುದೇ ಲೇಸು ಎಂದಿತು ಗ್ಯಾರೇಜು. ಗುಜರಿಯವನು ಸೋಮವಾರ ಬರುವವನಿದ್ದ. ಭಾನುವಾರ ಬೆಳಿಗ್ಗೆ ಮಯ್ಯರು ಮನಸ್ಸು ತಡೆಯದೆ ಬೀಜಾಡಿಯ ಶೀನ ಮೊಗವೀರರನ್ನು ಕರೆಸಿದರು. ಬೋಟುಗಳ ಎಂಜಿನ್ ನೋಡಿಕೊಂಡು ನಿವೃತ್ತರಾದ ಶೀನರ ಬಳಿ ಅಂಗೈಯಗಲದ ಒಂದು ಸ್ಕ್ಯಾನರ್ ಇತ್ತು. ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿದರೆ ಎಂಜಿನ್ನಿನ ಸೆನ್ಸರುಗಳು ಹೇಳುವುದು ಮೊಬೈಲಿನಲ್ಲಿ ಕಾಣುತ್ತದೆ.

ವ್ಯಾನನ್ನು ಅಂಗಳದಲ್ಲೇ ಇಪ್ಪತ್ತು ನಿಮಿಷ ಚಾಲೂ ಇಟ್ಟ ಮೇಲೆ ಶೀನರು ಕೇಳಿದರು: "ಹ್ವಾಯ್ ಮಯ್ಯ್ರೇ, ಎಂಜಿನ್ ಬಿಸಿ ಆಯ್ತಾ ಕಾಣಿ."

"ಕೈ ಇಡುಕ್ ಆತಿಲ್ಲ."

"ಮೊಬೈಲಂಗ್ ಇಪ್ಪತ್ನಾಕ್ ಡಿಗ್ರಿ ತೋರ್ಸತ್ತ್."

ಮಯ್ಯರ ಹೆಂಡತಿ ಪದ್ಮಾಕ್ಷಿ ನಕ್ಕರು. "ಈ ಸೆಕೆಯಂಗೆ ನಮ್ಮ್ ಬಾವಿ ನೀರೂ ಅಷ್ಟ್ ತಣ್ಗಿಲ್ಲ ಮಾರಾಯ್ರೆ."

"ಅದೇ ಕಾಣಿ ಅಕ್ಕ. ಎಂಜಿನ್ ಇನ್ನೂ ತಣ್ಗೇ ಇತ್ತ್ ಅಂದ್ಕಂಡ್ ಗಾಡಿ ಜಾಸ್ತಿ ಪೆಟ್ರೋಲ್ ಹೊಯ್ತಾ ಇತ್ತ್. ಕಪ್ಪ್ ಹೊಗೆ ಅದ್ಕೇ. ಸೆನ್ಸರ್ ಹಾಳಾಯ್ತಾ, ವಯರಾ, ಅದೊಂದ್ ಕಾಣ್ಕ್."

ಎಂಜಿನ್ ತಣಿದ ಮೇಲೆ ಶೀನರು ಬೆರಳುದ್ದದ ಸೆನ್ಸರನ್ನು ಬಿಚ್ಚಿ, ವಿದ್ಯುತ್ತಿನ ತಡೆ ಅಳೆಯುವ ಮೀಟರಿಗೆ ಜೋಡಿಸಿದರು. ಅದನ್ನು ನೀರಿನಲ್ಲಿಟ್ಟು ಕಾಯಿಸಿದರೆ, ನೀರು ಬಿಸಿಯಾದಂತೆ ಮೀಟರಿನ ಅಂಕಿ ಇಳಿಯಬೇಕು. ಯಾವ ಬಿಸಿಗೆ ಎಷ್ಟೆಂಬ ಪಟ್ಟಿ ಅವರ ಮೊಬೈಲಿನಲ್ಲಿತ್ತು.

"ಥರ್ಮಾಮೀಟ್ರ್ ಒಂದ್ ಇಲ್ಲ."

"ನಾನ್ ಇದ್ದೆ ಅಲ್ದಾ?" ಎಂದರು ಮಯ್ಯರು.

ಸೆನ್ಸರನ್ನು ನೂಲಿನಲ್ಲಿ ಕಟ್ಟಿ ಒಲೆಯ ಮೇಲಿಟ್ಟ ಪಾತ್ರೆಯ ನೀರಿಗೆ ಇಳಿಬಿಟ್ಟರು. ತಳದಲ್ಲಿ ಸಾಸಿವೆಯಂಥ ಗುಳ್ಳೆ ಕಂಡಾಗ ಮಯ್ಯರು "ಈಗ ಅರ್ವತ್ತ್" ಎಂದರು. ಅಂಚಿನಲ್ಲಿ ನೀರು ಗುನುಗಿದಾಗ "ಎಂಬತ್ತ್". ಕೊತಕೊತ ಕುದಿದಾಗ ನೂರೆಂದು ಹೇಳುವ ಅಗತ್ಯವೇ ಇರಲಿಲ್ಲ. ಮೂರು ಸಲವೂ ಮೀಟರಿನ ಅಂಕಿ ಪಟ್ಟಿಯದಕ್ಕೆ ಹತ್ತಿರವೇ ಇತ್ತು. ಸೆನ್ಸರ್ ಸರಿಯಿತ್ತು.

ಉಳಿದದ್ದು ವಯರು. ಟಾರ್ಚ್ ಹಿಡಿದು ಸೀಟಿನಡಿ ಬಗ್ಗಿದ ಪದ್ಮಾಕ್ಷಿಗೆ ವಯರಿನ ತುದಿಯ ಪ್ಲಗ್ಗಿನೊಳಗೆ ಹಸಿರು ಬಣ್ಣ ಕಂಡಿತು. "ಇದ್ ಕಿಲುಬ್ ಅಲ್ದಾ? ನಮ್ಮ್ ಹಂಡೆಗ್ ಬತ್ತಲ್ಲ, ಅದೇ."

ಮಯ್ಯರು ಅಭ್ಯಾಸಬಲದಿಂದ ಅಡುಗೆಮನೆಯತ್ತ ಹೆಜ್ಜೆ ಹಾಕಿದರು.

"ಹುಣ್ಸಿಹಣ್ಣ್ ತರುಕಾ? ಬ್ಯಾಡ, ಅದ್ರ್ ಹುಳಿಯಿಂದ್ಲೇ ಹೀಂಗ್ ಆದ್ದ್ ಕಾಣತ್ತ್" ಎಂದರು ಶೀನರು.

ಮಯ್ಯರು ನಿಂತಲ್ಲೇ ನಿಂತರು. ಪ್ರತಿ ಊಟ ಮುಗಿದ ಮೇಲೆ ತಾಮ್ರದ ಪಾತ್ರೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಫಳಫಳ ಹೊಳೆಯುವಂತೆ ತೊಳೆದು, ನೀರು ಸೋರುತ್ತಿರುವಾಗಲೇ ಸೀಟಿನ ಬೆನ್ನಿಗೆ ಪೇರಿಸುತ್ತಿದ್ದವರು ಅವರೇ. ಹದಿಮೂರು ವರ್ಷ ಆ ಹುಳಿ ಬೆರೆತ ನೀರು ಇಳಿದದ್ದು ಇಲ್ಲಿಗೆ. ತಮ್ಮ ಅಚ್ಚುಕಟ್ಟೇ ವ್ಯಾನನ್ನು ಗುಜರಿಯ ಬಾಗಿಲಿಗೆ ತಂದಿತ್ತು.

"ಪಾಪದ್ ಗಾಡಿ. ಇಷ್ಟ್ ವರ್ಷ ತಡ್ಕಂತಲ್ಲ" ಎಂದರು.

ಶೀನರು ಪ್ಲಗ್ಗಿಗೆ ಕ್ಲೀನರ್ ಸಿಂಪಡಿಸಿ, ಸಣ್ಣ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ ಎಲ್ಲವನ್ನೂ ಮರಳಿ ಜೋಡಿಸಿದರು. ವ್ಯಾನು ಚಾಲೂ ಆಯಿತು. ಪದ್ಮಾಕ್ಷಿ ಮೊಬೈಲ್ ಹಿಡಿದು ಮಗ್ಗಿ ಒಪ್ಪಿಸುವವರಂತೆ ಓದಿದರು: "ಮೂವತ್ತೆರ್ಡ್... ಐವತ್ತ್... ಎಪ್ಪತ್... ಎಂಬತ್ತೈದ್." ಅಂಕಿ ಅಲ್ಲಿ ನಿಂತಿತು. ಹೊಗೆಯೂ ನಿಂತಿತ್ತು. ಮಯ್ಯರು ಗುಜರಿಯವನಿಗೆ ಫೋನ್ ಮಾಡಿ, ಬರುವುದು ಬೇಡವೆಂದರು. ಶೀನರು ಚಾ ಮಾತ್ರ ಕುಡಿದು, ಕೊಟ್ಟ ದುಡ್ಡನ್ನು ಮುಟ್ಟದೆ ಹೋದರು.

ಗುರುವಾರ ಕುಂಭಾಶಿಯಲ್ಲಿ ಉಪನಯನದ ಊಟ. ಮುಗಿದ ಮೇಲೆ ಮಯ್ಯರು ಪಾತ್ರೆಗಳನ್ನು ಬಿಸಿಲಿಗೆ ಕವುಚಿ ಹಾಕಿ, ಒಂದೊಂದನ್ನೂ ಹೆಗಲ ಬೈರಾಸಿನಿಂದ ಒರೆಸುತ್ತಿದ್ದರು.

"ಎಂತ ಮಯ್ಯ್ರೇ, ಪಾತ್ರೆಗ್ ನೆಗ್ಡಿ ಆತ್ತಾ?" ಎಂದ ಬಡಿಸುವವನೊಬ್ಬ.

"ಪಾತ್ರೆಗಲ್ಲ, ಗಾಡಿಗ್."

ಕೊನೆಯ ಹಂಡೆ ಏರಿದ ಮೇಲೆ, ಪಾಯಸದ ಮೊದಲ ಸೌಟಿನಿಂದಲೇ ತುಂಬಿಸಿ ತೆಗೆದಿರಿಸಿದ್ದ ಡಬ್ಬಿಯನ್ನು ಅವರು ಪಕ್ಕದ ಸೀಟಿನ ಮೇಲಿಟ್ಟುಕೊಂಡರು. ಮನೆ ಇರುವುದು ದಕ್ಷಿಣಕ್ಕೆ. ವ್ಯಾನು ಹೆದ್ದಾರಿಗಿಳಿದು ಉತ್ತರಕ್ಕೆ, ಬೀಜಾಡಿಯ ಕಡೆಗೆ ತಿರುಗಿತು.